ಅಪ್ಪನ ಉಡುದಾರ, ನನ್ನ ಸೊಂಟ

ನಿಮ್ಮ ಸೊಂಟ ಎಲ್ಲಿದೆ ಎಂದು ಯಾರಾದರೂ ಕೇಳಿದಾಗ ನೀವು ತಟ್ಟನೆ ಕೈಯಿಟ್ಟು ತೋರಿಸಬಲ್ಲಿರಾದರೆ ನಿಮಗೆ ಇನ್ನೂ ವಯಸ್ಸಾಗಿಲ್ಲ ಎಂದೇ ತಿಳಿಯಿರಿ. ಐವತ್ತು ದಾಟಿದವನಿಗೆ ಇದು ಅಷ್ಟು ಸಲೀಸಾದ ಪ್ರಶ್ನೆಯಲ್ಲ. ನನ್ನದನ್ನೇ ನೋಡಿ. ನನ್ನ ಪ್ಯಾಂಟಿನ ಪ್ರಕಾರ ನನ್ನ ಸೊಂಟ ಮೂವತ್ನಾಲ್ಕು ಇಂಚು. ಮದುವೆಯಾದ ವರ್ಷವೂ ಮೂವತ್ನಾಲ್ಕು, ಈಗಲೂ ಮೂವತ್ನಾಲ್ಕು. ಇದನ್ನು ನಾನು ಎಚ್.ಡಿ. ಕೋಟೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಸಹೋದ್ಯೋಗಿಗಳ ಮುಂದೆ ಹೇಳಿಕೊಂಡು ಮೆರೆದಿದ್ದೇನೆ. ಮದುವೆಯ ದಿನ ಆ ಪ್ಯಾಂಟು ಹೊಕ್ಕುಳಿನ ಹತ್ತಿರ ನಿಂತಿತ್ತು, ಈಗ ಹೊಟ್ಟೆಗೆ ಜಾಗ ಬಿಟ್ಟುಕೊಟ್ಟು ಬಹಳ ಕೆಳಗೆ ಎಲ್ಲೋ ನಿಂತಿದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಹುಣಸೂರಿನಿಂದ ಕೋಟೆಗೆ ಹೋಗುವ ಬಸ್ಸಿನಲ್ಲಿ ಜನರ ಮಧ್ಯೆ ನುಸುಳುವಾಗ ಆ ಗುಟ್ಟು ತಾನಾಗಿಯೇ ರಟ್ಟಾಗುತ್ತಿತ್ತು. "ಸಾರ್, ನೀವು ಒಳಗೆ ಬಂದ್ರಿ, ಒಟ್ಟೆ ಇನ್ನೂ ಮೆಟ್ಲ್ ಮೇಲೇ ಅದೆ, ಅದ್ನೂ ಕರ್ಕಳಿ" ಎಂದು ಕಂಡಕ್ಟರ್ ಒಮ್ಮೆ ಇಡೀ ಬಸ್ಸಿಗೆ ಕೇಳುವಂತೆ ಅಂದಿದ್ದ.

ನಮ್ಮ ಮನೆತನದಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರವಿತ್ತು. ಉಡುದಾರ ಎಲ್ಲಿದೆಯೋ ಅದೇ ಸೊಂಟ. ನಮ್ಮ ಕಡೆ ಗಂಡಸಾದವನು ಉಡುದಾರ ಇಲ್ಲದೆ ಇರಕೂಡದು. ಮಗುವಾಗಿದ್ದಾಗ ಕಟ್ಟಿದ ಕರಿದಾರ ಹಳತಾದರೆ ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಸ್ನಾನಕ್ಕೂ ಬಿಚ್ಚುವಂತಿಲ್ಲ, ಕಾಯಿಲೆ ಬಿದ್ದರೂ ಬಿಚ್ಚುವಂತಿಲ್ಲ. ಅದಿಲ್ಲದೆ ಮಲಗುವ ಗಂಡಸು ಎಂದರೆ ಹೆಣ ಒಂದೇ. ಕಂಪಲಾಪುರದ ಹತ್ತಿರದ ನಮ್ಮೂರಿನಲ್ಲಿ ತಾತ ಹೊಗೆಸೊಪ್ಪು ಬೆಳೆಯುತ್ತಿದ್ದ. ಸೊಪ್ಪು ಚೆನ್ನಾಗಿ ಬಂದ ಒಂದು ವರ್ಷ ಅವನಿಗೆ ಅದೇನು ಹುರುಪು ಬಂತೋ, ಇಬ್ಬರು ಗಂಡುಮಕ್ಕಳಿಗೂ ಬೆಳ್ಳಿಯ ಉಡುದಾರ ಮಾಡಿಸಿಬಿಟ್ಟ. ದೊಡ್ಡವನು ನನ್ನ ದೊಡ್ಡಪ್ಪ, ಚಿಕ್ಕವನು ನನ್ನ ಅಪ್ಪ. ಆಚಾರಿ ಹುರಿ ಸುತ್ತಿ ಅಳತೆ ತೆಗೆಯುವಾಗ ತಾತ, "ಒಂದು ಬೆರ್ಳು ಸಡ್ಲ ಇರ್ಲಿ ಕಣಪ್ಪ, ಇನ್ನೂ ತಿನ್ನೋ ವಯಸ್ಸು ಅವುಕ್ಕೆ" ಎಂದನಂತೆ. ಕೊಂಡಿ ಕೊಂಡಿ ಸೇರಿಸಿದ ದಪ್ಪ ಸರ, ಎರಡೂ ತುದಿ ಕೂಡುವಲ್ಲಿ ಒಂದು ತಿರುಪು. ಅದನ್ನು ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು. ಅಣ್ಣತಮ್ಮಂದಿರು ಹಾಕಿಕೊಂಡ ದಿನದಿಂದ ಅದನ್ನು ಬಿಚ್ಚಲಿಲ್ಲ, ತಿನ್ನುವುದನ್ನೂ ಬಿಡಲಿಲ್ಲ.

ಆಗಿನ ಕಾಲಕ್ಕೆ ಸೊಂಟ ತುಂಬಿರುವುದು ಒಂದು ಮರ್ಯಾದೆ. ಹೆಣ್ಣು ಕೊಡುವವರು ಮೊದಲು ಗದ್ದೆ ನೋಡುತ್ತಿದ್ದರು, ಆಮೇಲೆ ದನದ ಕೊಟ್ಟಿಗೆ, ಆಮೇಲೆ ಹುಡುಗನ ಅಪ್ಪನ ಹೊಟ್ಟೆ. ಅಪ್ಪನ ಹೊಟ್ಟೆ ಮುಂದಕ್ಕೆ ಬಂದಿದ್ದರೆ ಆ ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಿಲ್ಲ ಎಂದು ಲೆಕ್ಕ. ಹಬ್ಬದ ದಿನ ದೊಡ್ಡಪ್ಪನೂ ಅಪ್ಪನೂ ಬರಿಮೈಯಲ್ಲಿ ಜಗುಲಿಯ ಮೇಲೆ ಕೂತರೆ ಹೊಟ್ಟೆಯ ಮಡಿಕೆಯ ಕೆಳಗಿಂದ ಬೆಳ್ಳಿ ಒಂದೊಂದು ಕಡೆ ಮಿಂಚುತ್ತಿತ್ತು. ಪೂರಾ ಕಾಣುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ನಾನು ಉಡುದಾರ ಎಂದರೆ ಮುಂದೆ ಮಾತ್ರ ಇರುವ ಆಭರಣ ಎಂದುಕೊಂಡಿದ್ದೆ.

ದೊಡ್ಡಪ್ಪ ತೀರಿಕೊಂಡದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಬೆಳಗ್ಗೆ ಎದ್ದು ಕಾಫಿ ಕುಡಿದು, ಇನ್ನೊಂದು ಲೋಟ ಕೇಳಿ, ಅದು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಅಷ್ಟೇ. ನಾನು ಸುದ್ದಿ ತಿಳಿದು ಹುಣಸೂರಿನಿಂದ ಓಡಿದೆ. ಹೆಣಕ್ಕೆ ಸ್ನಾನ ಮಾಡಿಸುವಾಗ ಉಡುದಾರ ತೆಗೆಯಬೇಕಲ್ಲ, ಅದು ಬರಲಿಲ್ಲ. ತಿರುಪು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಒಬ್ಬ ಎಡಗಡೆ ಇದೆ ಎಂದ, ಇನ್ನೊಬ್ಬ ಬಲಗಡೆ ಎಂದ, ಒಬ್ಬ ಹಿರಿಯರು "ಅಣ್ಣಯ್ಯ ಬದುಕಿದ್ದಾಗ ಮುಂದೇನೇ ಇತ್ತು ಕಣ್ರಲಾ, ನಾ ಕಂಡಿವ್ನಿ" ಎಂದು ಸಾಕ್ಷಿ ಹೇಳಿದರು. ಕೊನೆಗೆ ತಿರುಪು ಸಿಕ್ಕಿತು, ತಿರುಗಲಿಲ್ಲ. ಎಣ್ಣೆ ಬಿಟ್ಟರು, ಆಗಲೂ ಇಲ್ಲ. ಆಚಾರಿಯನ್ನು ಕರೆಸಿದರು, ಅವನು ಕತ್ತರಿ ಹಿಡಿದು ಬಂದ. ದೊಡ್ಡಮ್ಮ ಅಳುವುದನ್ನು ನಿಲ್ಲಿಸಿ ಎದ್ದು ಬಂದಳು. "ನಿಧಾನಕ್ಕೆ ಕಣಪ್ಪ, ಅವ್ರಿಗೆ ಮೊದ್ಲೇ ಕಚಗುಳಿ ಜಾಸ್ತಿ" ಎಂದಳು. ಅಲ್ಲಿದ್ದವರಲ್ಲಿ ನಗು ಬಂದವರು ಮುಖ ಆ ಕಡೆ ತಿರುಗಿಸಿಕೊಂಡರು, ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಆಮೇಲೆ ಕಟಕ್ ಎಂದು ಬೆಳ್ಳಿ ತುಂಡಾದ ಸದ್ದು ಕೇಳಿತು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದವನು ಆ ಸದ್ದಿಗೆ ತನ್ನ ಸೊಂಟದ ಮೇಲೆ ಕೈಯಿಟ್ಟುಕೊಂಡದ್ದನ್ನು ನಾನು ನೋಡಿದೆ.

ಅದಾಗಿ ಕೆಲವು ತಿಂಗಳಿಗೆ ಅಪ್ಪನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಅವನಿಗೆ ಆಗ ಎಪ್ಪತ್ತರ ಹತ್ತಿರ. ಹುಣಸೂರಿಗೆ ಕರೆಸಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎದೆ ನೋಡಿದರು, ತೂಕ ನೋಡಿದರು, ಆಮೇಲೆ ದರ್ಜಿಯವರ ಟೇಪು ತೆಗೆದರು. ಅಪ್ಪ ಗಾಬರಿಯಾಗಿ ನನ್ನ ಕಡೆ ತಿರುಗಿ, "ಇವ್ರೇನ್ಲಾ, ಅಂಗಿ ಹೊಲಿತಾರಾ?" ಎಂದ.

"ಯಜಮಾನ್ರೇ, ತೂಕ ನೋಡಿದ್ರೆ ನಿಮ್ದೇನೂ ಅಂಥಾ ಜಾಸ್ತಿ ಇಲ್ಲ. ಕೈಕಾಲು ಸಣ್ಣಗಿದೆ. ಬಂದಿದ್ದೆಲ್ಲ ಸೊಂಟದ ಸುತ್ತಾನೇ ಕೂತಿದೆ. ವಯಸ್ಸಾದೋರಿಗೆ ಅದೇ ಅಪಾಯ. ಸೊಂಟ ದಪ್ಪ ಆದಷ್ಟೂ ಸಕ್ಕರೆ ಕಾಯಿಲೆ, ಹಾರ್ಟು, ಎಲ್ಲಾ ಹಿಂದೆ ಹಿಂದೆ ಬರುತ್ತೆ. ಸಾವೂ ಬೇಗ ಬರಬಹುದು" ಎಂದರು ಡಾಕ್ಟರು.

"ಬರ್ಲಿ ಬುಡಿ ಡಾಕ್ಟ್ರೇ. ನಮ್ಮಪ್ಪ ಕಡ್ಡಿ ಇದ್ದಂಗಿದ್ದ, ಅವ್ನೂ ಓದ. ನಮ್ಮಣ್ಣ ಗುಡಾಣ ಇದ್ದಂಗಿದ್ದ, ಅವ್ನೂ ಓದ. ಇದ್ರಲ್ಲಿ ಸೊಂಟದ್ ತಪ್ಪೇನದೆ ಪಾಪ?"

ಡಾಕ್ಟರು ನಗುತ್ತ ಟೇಪನ್ನು ಹೊಕ್ಕುಳಿನ ನೇರಕ್ಕೆ ಸುತ್ತಿದರು. ಅಪ್ಪ ತಕ್ಷಣ ಅವರ ಕೈ ಹಿಡಿದುಕೊಂಡ. "ಅದು ಒಟ್ಟೆ ಕಣ್ರೀ! ಸೊಂಟ ಕೆಳೀಕದೆ, ಉಡ್ದಾರ ಇರೋ ತಾವು ಅಳೀರಿ" ಎಂದ. "ಯಜಮಾನ್ರೇ, ಹೊಟ್ಟೆ ಕಾಟ ತಡೀಲಾರ್ದೆ ಉಡುದಾರ ಕೆಳಗೆ ಓಡಿ ಹೋಗಿದೆ. ಅದನ್ನ ಸ್ವಲ್ಪ ಬಿಚ್ಚಿ, ಚರ್ಮ ಕೆಂಪಾಗಿದೆ, ನೋಡ್ಬೇಕು" ಎಂದರು ಡಾಕ್ಟರು. ಅಪ್ಪ ತಿರುಪಿಗೆ ಕೈ ಹಾಕಿದ. ತಿರುಗಲಿಲ್ಲ. ಉಸಿರು ಬಿಗಿ ಹಿಡಿದು ಇನ್ನೊಮ್ಮೆ ತಿರುವಿದ. ನಾನು ಕೈ ಹಚ್ಚಿದೆ, ನನಗೂ ಆಗಲಿಲ್ಲ. ಅಪ್ಪನ ಮುಖದಲ್ಲಿದ್ದ ನಗೆಯೆಲ್ಲ ಇಳಿದುಹೋಯಿತು. "ಮನೇಲ್ ಬಿಚ್ಕತೀನಿ ಬುಡಿ" ಎಂದು ಪಂಚೆ ಸರಿ ಮಾಡಿಕೊಂಡ.

ಮನೆಗೆ ಬಂದವನೇ ಬಚ್ಚಲು ಸೇರಿದ. ಸೋಪು ಹಚ್ಚಿದ, ಹರಳೆಣ್ಣೆ ಹಚ್ಚಿದ. ಬಹಳ ಹೊತ್ತಿನ ಮೇಲೆ ಸೋತು ಹೊರಗೆ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ. "ರಾಜು, ಸಾಯೋಕೆ ನಂಗೆ ಭಯ ಇಲ್ಲ ಕಣ್ಲಾ. ಆ ಡಾಕ್ಟ್ರು ಏನಾರಾ ಅಂದ್ಕೊಳ್ಲಿ. ಆದ್ರೆ ನಮ್ಮಣ್ಣನ್ ಸೊಂಟದಲ್ಲಿ ಕತ್ತರಿ ಸದ್ದು ಕೇಳ್ತಲ್ಲ, ಅದು ನಂಗೆ ಬ್ಯಾಡ. ನಮ್ಮಪ್ಪ ಇಡಿಯಾಗ್ ಕೊಟ್ಟ. ನಾನೂ ಇಡಿಯಾಗೇ ನಿನ್ ಕೈಗೆ ಕೊಡ್ಬೇಕು. ಆ ದಿನ ನೀನೇ ತಿರುಪು ಬಿಚ್ಚು, ಸಲೀಸಾಗ್ ಬರ್ಬೇಕು" ಎಂದ. ಅಪ್ಪನೂ ಒಂದು ದಿನ ಇರುವುದಿಲ್ಲ ಎಂಬುದು ನನಗೆ ನಿಜವಾಗಿ ಹೊಳೆದದ್ದು ಅವತ್ತೇ.  "ಸರಿ ಕಣಪ್ಪ, ಮುದ್ದೆ ಕಮ್ಮಿ ಮಾಡು" ಎಂದೆ.

ಹೀಗೆ ಅಪ್ಪ ಅವ್ವ ಇಬ್ಬರೂ ಹುಣಸೂರಿನ ನಮ್ಮ ಮನೆಯಲ್ಲೇ ನಿಂತರು. ಊರಿನಲ್ಲಿದ್ದರೆ ಸೊಂಟ ಕರಗಿಸುವುದು ಆಗದ ಮಾತು, ಯಾರ ಮನೆಗೆ ಹೋದರೂ ಎಲೆ ಹಾಕಿಬಿಡುತ್ತಿದ್ದರು. ನನ್ನ ಹೆಂಡತಿ ಸುಶೀಲ ಕೆ.ಆರ್. ನಗರದ ನೀರಾವರಿ ಸೀಮೆಯವಳು, ಮುದ್ದೆಯ ಮೇಲೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇದೇ ಸಮಯವೆಂದು ಚಪಾತಿ ಶುರು ಮಾಡಿದಳು. ಅಪ್ಪ ಮೊದಲನೆಯ ದಿನ ಚಪಾತಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಚೆಂದಾಗದೆ ಕಣವ್ವ. ಊಟ ಯಾವಾಗ?" ಎಂದು ಕೇಳಿದ. ಕೊನೆಗೆ ರಾಜಿಯಾಗಿ ಅರ್ಧ ಮುದ್ದೆಗೆ ಬಂದು ನಿಂತಿತು. ಬೆಳಗ್ಗೆ ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೋಗಿ ಬರುವ ನಡಿಗೆ. ಹರಾಜಿಗೆ ಹೊಗೆಸೊಪ್ಪು ತಂದ ಊರಿನವರು ಯಾರಾದರೂ ಸಿಕ್ಕಿ ಹೋಟೆಲಿಗೆ ಕರೆದರೆ ಅಪ್ಪ ದೂರದಿಂದಲೇ ಕೈಮುಗಿದು, "ಸೊಂಟ ಇಳಿಸ್ತಾ ಇವ್ನಿ ಕಣ್ರಪ್ಪ" ಎನ್ನುತ್ತಿದ್ದ. ಅವರು ಯಾವುದೋ ಹರಕೆ ಇರಬೇಕು ಎಂದುಕೊಂಡು ಅವರೂ ಕೈಮುಗಿಯುತ್ತಿದ್ದರು.

ಇದರಲ್ಲಿ ತುಂಬ ನೊಂದವಳು ಅವ್ವ. "ನಿಮ್ಗೇನ್ರಪ್ಪ ಗೊತ್ತು. ಅವ್ರು ಸೊಂಟ ಕರಗಿಸ್ಕಂಡು ಊರಿಗ್ ಬಂದ್ರೆ ಜನ ಡಾಕ್ಟ್ರನ್ನ ಬಯ್ತಾರಾ? ನನ್ನ ಬಯ್ತಾರೆ. ಗಂಡುಂಗೆ ಇಟ್ಟಾಕ್ದೆ ಸೊರಗ್ಸವ್ಳೆ ಅಂತಾರೆ" ಎಂದು ಮೂಗು ಒರೆಸಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಆ ಹೊಟ್ಟೆಯನ್ನು ಬೆಳೆಸಿದವಳು ಅವಳು, ಅದು ಅವಳ ದುಡಿಮೆಯ ಗುರುತು. ಅವಳ ಕೈ ಅಪ್ಪನ ಪೂರ್ತಿ ಮುದ್ದೆಗೆ ಪಳಗಿದ ಕೈ, ಅರ್ಧ ಮುದ್ದೆ ಕಟ್ಟುವುದಕ್ಕೆ ಬರುತ್ತಲೇ ಇರಲಿಲ್ಲ. ಪೂರ್ತಿ ಕಟ್ಟಿ, ನೂಲು ಹಿಡಿದು ಎರಡು ಮಾಡಿ, ಅರ್ಧ ಅಪ್ಪನಿಗೆ ಬಡಿಸುತ್ತಿದ್ದಳು. ಉಳಿದ ಅರ್ಧ? ಎಸೆಯುವ ಹಾಗಿಲ್ಲ, ಮಾರನೆಯ ದಿನಕ್ಕೆ ಇಡುವ ಹಾಗಿಲ್ಲ. "ಅನ್ನಪೂರ್ಣೇನ ಎಸೀಬಾರ್ದು ಮಗ, ನಿಂಗೇನ್ ಉಡ್ದಾರ ಬಿಗಿ ಆಗದಾ" ಎಂದು ಅದನ್ನು ನನ್ನ ತಟ್ಟೆಗೆ ಜಾರಿಸುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ಹಿತಕಿದವರೆ ಸಾರಿನ ಎರಡನೆಯ ಸೌಟೂ ಹಾಗೆಯೇ ಬಂತು. ಭಾನುವಾರದ ನಾಟಿಕೋಳಿಯಲ್ಲಿ ಅಪ್ಪನ ಪಾಲಿನ ತೊಡೆಯೂ ಬಂತು. ಅಪ್ಪ ತನ್ನ ಅರ್ಧವನ್ನು ಮೆಲ್ಲಗೆ ಮುರಿಯುತ್ತ ನನ್ನ ತಟ್ಟೆಯನ್ನು ನೋಡುತ್ತಿದ್ದ. ನಾನು ಮಗನ ಕರ್ತವ್ಯವೆಂದು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ಬಚ್ಚಲಿನಿಂದ ಅಪ್ಪನ ಕೂಗು ಕೇಳಿತು. ಜಾರಿ ಬಿದ್ದನೇ ಎಂದು ನಾನೂ ಅವ್ವನೂ ಓಡಿದೆವು. ಅಪ್ಪ ನೆಟ್ಟಗೆ ನಿಂತಿದ್ದ. "ತಿರುಗ್ತು ಕಣ್ಲಾ! ತಿರುಪು ತಿರುಗ್ತು!" ಅವ್ವ ಕೈ ಅಡ್ಡ ಹಿಡಿದು, "ಪೂರಾ ಬಿಚ್ಬ್ಯಾಡಿ, ತಡೀರಿ ತಡೀರಿ" ಎಂದು ಒಳಗೆ ಓಡಿ ಕರಿದಾರ ತಂದು ಮೊದಲು ಅದನ್ನು ಕಟ್ಟಿದಳು. ಆಮೇಲೆ ಅಪ್ಪ ಬೆಳ್ಳಿ ಉಡುದಾರವನ್ನು ಬಿಚ್ಚಿ ನನ್ನ ಎರಡೂ ಕೈಗೆ ಇಟ್ಟ. ಇನ್ನೂ ಬಿಸಿಯಾಗಿತ್ತು. ಅವನ ಸೊಂಟದ ಸುತ್ತ ಅದು ಇದ್ದ ಜಾಗದಲ್ಲಿ ಕಪ್ಪಗೆ ಒಂದು ದಾರಿ ಬಿದ್ದಿತ್ತು, ಒಂದೊಂದು ಕೊಂಡಿಯ ಗುರುತೂ ಎಣಿಸುವ ಹಾಗೆ ಕಾಣುತ್ತಿತ್ತು. ಅವ್ವ ಆ ಗುರುತಿನ ಮೇಲೆ ಸುಮ್ಮನೆ ಬೆರಳಾಡಿಸಿದಳು. "ಮದ್ವೆಲಿ ಇಂಗೇ ಇತ್ತು ಸೊಂಟ" ಎಂದಳು. ಅವಳ ದನಿಯಲ್ಲಿ ಬೇಸರವಿತ್ತೋ ಸಂತೋಷವಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಲ್ಲಿಂದ ಮುಂದೆ ಅಪ್ಪನಿಗೆ ಅದೊಂದು ವ್ರತವಾಯಿತು. ಪ್ರತಿ ಅಮಾವಾಸ್ಯೆಗೆ ಕರಿದಾರ ಕಟ್ಟಿಸಿಕೊಂಡು ಬೆಳ್ಳಿಯದನ್ನು ಬಿಚ್ಚಿ, ಹುಣಸೆಹಣ್ಣಿನಲ್ಲಿ ತೊಳೆದು, ಮತ್ತೆ ಹಾಕಿಕೊಳ್ಳುವುದು. ತಿರುಪು ಸ್ವಲ್ಪ ಬಿಗಿ ಅನ್ನಿಸಿದರೆ ಆ ವಾರ ಸೇತುವೆಯಿಂದ ಮುಂದಕ್ಕೂ ನಡೆಯುತ್ತಿದ್ದ. ಏದುಸಿರು ನಿಂತಿತು. ಡಾಕ್ಟರು ಖುಷಿಯಾಗಿ, "ಯಜಮಾನ್ರೇ, ಹೆದರಿಸಿದ್ದು ಕೆಲಸ ಮಾಡ್ತು ನೋಡಿ" ಎಂದರು. "ಊ ಕಣ್ರೀ" ಎಂದು ಅಪ್ಪ ಅವರ ಮನಸ್ಸು ನೋಯಿಸಲಿಲ್ಲ. ಸಾವಿಗೆ ಹೆದರಿ ಅಲ್ಲ, ಕತ್ತರಿಗೆ ಹೆದರಿ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ಕತ್ತರಿಗೆ ಹೆದರಿ ಅವನು ಹತ್ತು ವರ್ಷಕ್ಕೂ ಹೆಚ್ಚು ಬದುಕಿದ. ಮೊಮ್ಮಗ ಮೈಸೂರಿನಲ್ಲಿ ಕಾಲೇಜು ಸೇರಿದ್ದನ್ನು ನೋಡಿದ, ಮನೆಗೆ ಫೋನು ಬಂದದ್ದನ್ನೂ ನೋಡಿದ. ಫೋನಿನಲ್ಲಿ ಮೊಮ್ಮಗನನ್ನು ಅವನು ಮೊದಲು ಕೇಳುತ್ತಿದ್ದ ಮಾತು, "ಪ್ಯಾಂಟು ಬಿಗಿ ಆಯ್ತಾ ಅದಾ, ಸಡ್ಲ ಅದಾ?"

ಎರಡು ಸಾವಿರ ದಾಟಿ ಕೆಲವು ವರ್ಷಕ್ಕೆ, ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಸ್ನಾನ ಮಾಡಿಸುವಾಗ ಎಲ್ಲರೂ ನನ್ನ ಕಡೆ ನೋಡಿದರು.  ತಿರುಪಿಗೆ ಬೆರಳು ಇಟ್ಟೆನೋ ಇಲ್ಲವೋ, ತಾನೇ ತಿರುಗಿತು. ಉಡುದಾರ ಇಡಿಯಾಗಿ ನನ್ನ ಅಂಗೈಗೆ ಬಂತು. ಅಷ್ಟು ಹೊತ್ತು ಗಟ್ಟಿಯಾಗಿದ್ದವನು ನಾನು ಆಗ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸ್ವಲ್ಪ ಕಷ್ಟಪಟ್ಟಾದರೂ ಬಂದಿದ್ದರೆ ಅವನನ್ನು ಇನ್ನೊಂದು ಗಳಿಗೆ ಹಿಡಿದುಕೊಂಡಿರಬಹುದಾಗಿತ್ತಲ್ಲ ಎನ್ನಿಸಿತು. ಅವ್ವ ಒಳಗಿನಿಂದ, "ಸಲೀಸಾಗ್ ಬಂತೇನ್ಲಾ?" ಎಂದು ಕೇಳಿದಳು. "ಬಂತು ಕಣವ್ವ" ಎಂದೆ. "ಅಂಗಾರೆ ಸರಿ. ಅನ್ಕಂಡಂಗೇ ಓದ್ರು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಉಡುದಾರ ಬೀರುವಿನಲ್ಲಿ ಅಪ್ಪನ ಹಳೆಯ ಟವೆಲ್ಲಿನ ಒಳಗೆ ಇತ್ತು. ನಾನು ಹಾಕಿಕೊಳ್ಳುವ ಧೈರ್ಯ ಮಾಡಿರಲಿಲ್ಲ. ದುಃಖ ಒಂದು ಕಾರಣ, ಇನ್ನೊಂದನ್ನು ನೀವು ಊಹಿಸಿರಬೇಕು. ಅಪ್ಪನಿಂದ ಕರಗಿದ ಸೊಂಟ ಎಲ್ಲಿಗೂ ಹೋಗಿರಲಿಲ್ಲ. ಅರ್ಧರ್ಧ ಮುದ್ದೆಯಾಗಿ, ಸೌಟು ಸೌಟು ಸಾರಾಗಿ ನನ್ನ ತಟ್ಟೆ ದಾಟಿ ನನ್ನ ಮೇಲೆಯೇ ಬಂದು ಕೂತಿತ್ತು. ಅಪ್ಪ ಹೋದ ಮೇಲೂ ಅವ್ವನ ಕೈ ಪೂರ್ತಿ ಮುದ್ದೆಯನ್ನೇ ಕಟ್ಟುತ್ತಿತ್ತು. ಈಗ ಅರ್ಧ ಮಾಡುವ ಗೋಜೂ ಇಲ್ಲ.

ಹೋದ ತಿಂಗಳು ನಾನು ಕೆಲಸದಿಂದ ನಿವೃತ್ತನಾದೆ. ಕಚೇರಿಯಲ್ಲಿ ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಅವತ್ತು ಅಪ್ಪ ಜೊತೆಗಿರಲಿ ಎಂದು ಆಸೆಯಾಯಿತು. ಬೆಳಗ್ಗೆ ಸುಶೀಲಳನ್ನು ಕರೆದು ಉಡುದಾರ ಕೈಗೆ ಕೊಟ್ಟೆ. "ರೀ, ಇದು ಎಲ್ಲಿ ಕೂಡುತ್ತೆ, ಸುಮ್ನಿರಿ" ಎಂದಳು. "ನನ್ನದು ಮೂವತ್ನಾಲ್ಕೇ ಕಣೆ" ಎಂದೆ. ಹೊಟ್ಟೆಯಿಂದ ಆದಷ್ಟು ಕೆಳಕ್ಕೆ ಸರಿಸಿ, ಉಸಿರನ್ನೆಲ್ಲ ಒಳಗೆಳೆದು ಗೋಡೆ ಹಿಡಿದುಕೊಂಡು ನಿಂತೆ. ಅವಳು ಮಂಡಿ ಊರಿ ಎರಡೂ ತುದಿ ಎಳೆದು ಎಳೆದು, ಹೇಗೋ ಕೂಡಿಸಿ ತಿರುಪು ಬಿಗಿದುಬಿಟ್ಟಳು. ನಾನು ಗೆದ್ದೆ ಎಂದು ಉಸಿರು ಬಿಟ್ಟೆ. ತಿರುಪು ಕಚ್ಚಿಕೊಂಡಿತು.

ಹಾರ ಹಾಕಿಸಿಕೊಂಡದ್ದು, ಭಾಷಣ ಕೇಳಿದ್ದು ಎಲ್ಲ ನಿಂತುಕೊಂಡೇ. "ಸಾರ್ ಎಷ್ಟು ವಿನಯ ನೋಡಿ, ಕೂರೋದೇ ಇಲ್ಲ ಅಂತಾರೆ" ಎಂದು ಸಾಹೇಬರು ಮೈಕಿನಲ್ಲಿ ಹೊಗಳಿದರು. ಸಂಜೆ ಮನೆಗೆ ಬಂದು ತಿರುವಿದರೆ ಅದು ಮಿಸುಕಲಿಲ್ಲ. ಸೋಪು ಆಯಿತು, ಹರಳೆಣ್ಣೆಯೂ ಆಯಿತು. ಸುಶೀಲ ಕೈ ಚೆಲ್ಲಿ, "ಆಚಾರ್ರನ್ನ ಕರೀಲಾ?" ಎಂದಳು. ಕಿವಿ ಮಂದವಾದ ಅವ್ವನಿಗೆ ಅದೊಂದು ಮಾತು ಮಾತ್ರ ನಡುಮನೆಯವರೆಗೂ ಸರಿಯಾಗಿ ಕೇಳಿಸಿತು. "ಕತ್ತರಿ ಗಿತ್ತರಿ ಅಂದ್ರೆ ನೋಡ್ಲಾ! ಅವ್ರು ಅರ್ಧ ಒಟ್ಟೇಲಿ ಉಳಿಸ್ಕೊಟ್ಟದ್ದು ಅದು!" ಎಂದು ಅಲ್ಲಿಂದಲೇ ಗದರಿಸಿದಳು. ಮರುದಿನ ಅದೇ ಡಾಕ್ಟರ ಹತ್ತಿರ ಹೋದೆ. ಅವರಿಗೂ ಈಗ ತಲೆ ನರೆತಿದೆ. ಟೇಪು ಹೊಕ್ಕುಳಿನ ನೇರಕ್ಕೆ ಸುತ್ತಿದರು. ಸಂಖ್ಯೆ ನಿಮಗೆ ಬೇಡ ಬಿಡಿ. "ತಂದೆಯವರಿಗೆ ಹೇಳಿದ್ದೇ ನಿಮಗೂ ಹೇಳ್ಬೇಕಾ?" ಎಂದರು.

ಆದ್ದರಿಂದ ಈಗ ದಿನಾ ಬೆಳಗ್ಗೆ ಲಕ್ಷ್ಮಣತೀರ್ಥದ ಸೇತುವೆಯವರೆಗೆ ನಡೆಯುತ್ತಿದ್ದೇನೆ. ಮುದ್ದೆ ಅರ್ಧಕ್ಕೆ ಇಳಿದಿದೆ. ಸಾವಿನ ಭಯವೋ ಕತ್ತರಿಯ ಭಯವೋ ಎಂದು ಕೇಳಬೇಡಿ, ನಾನು ಅಪ್ಪನ ಮಗ. ಮೊನ್ನೆ ರಜೆಗೆ ಬಂದ ಮಗ ಪಕ್ಕದಲ್ಲಿ ಉಣ್ಣಲು ಕೂತ. ಬೆಲ್ಟಿಗೆ ಹೊಸ ತೂತು ಕೊರೆಸಿಕೊಳ್ಳುವಷ್ಟು ತೆಳ್ಳನೆಯ ಹುಡುಗ. ಅವ್ವ ನೂಲು ಹಿಡಿದು ಮುದ್ದೆಯನ್ನು ಎರಡು ಮಾಡಿ ಅರ್ಧ ನನಗೆ ಹಾಕಿದಳು. ಉಳಿದ ಅರ್ಧವನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತು, "ಅನ್ನಪೂರ್ಣೇನ ಎಸೀಬಾರ್ದು ಮಗ" ಎಂದು ಅವನ ತಟ್ಟೆಗೆ ಜಾರಿಸಿದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ನಾನು ನನ್ನ ಅರ್ಧವನ್ನು ಮೆಲ್ಲಗೆ ಮುರಿಯುತ್ತ ಅವನ ತಟ್ಟೆಯನ್ನೇ ನೋಡುತ್ತಿದ್ದೆ, ನಿಂತುಕೊಂಡು. ಕೂತರೆ ತಿರುಪು ಒತ್ತುತ್ತದೆ.